ಮೂರು ಚುಕ್ಕಿ, ಒಂದು ಗೆರೆ

ಮಸ್ಕಿಯ ಖಾದರಬಾಷಾ ಮಾಸ್ತರರ ಮನೆಯ ಹಿಂದೆ ತಗಡಿನ ಶೆಡ್ಡೊಂದಿದೆ. ತಿಂಗಳ ಮೊದಲ ಭಾನುವಾರ ಅಲ್ಲಿ ನಾಲ್ಕು ಜನ ಸೇರುತ್ತಾರೆ. ಇಸ್ಪೀಟು ಇಲ್ಲ, ಎಣ್ಣೆ ಇಲ್ಲ, ರಾಜಕಾರಣವಂತೂ ಇಲ್ಲವೇ ಇಲ್ಲ. ಇರುವುದು ಉಳಿ, ಬಾಚಿ, ಗರಗಸ, ಹಲಗೆ ಹೆರೆಯುವ ರಂದಾ. ಕಳೆದ ತಿಂಗಳಿಂದೀಚೆಗೆ ಕೊಂಡದ್ದನ್ನು ಬಟ್ಟೆಯಲ್ಲಿ ಸುತ್ತಿ ತರುವುದು, ಬಿಚ್ಚಿ ತೋರಿಸುವುದು, ಮಿಕ್ಕವರ ಹೊಟ್ಟೆ ಉರಿಸುವುದು, ಚಹಾ ಕುಡಿದು ಎದ್ದುಹೋಗುವುದು, ಇಷ್ಟೇ ಕಾರ್ಯಕ್ರಮ. ಊರವರ ಕಣ್ಣಿಗೆ ಇವರು ಕೆಲಸವಿಲ್ಲದವರು. ಇವರ ಹೆಂಡಂದಿರ ಕಣ್ಣಿಗೂ ಅಷ್ಟೇ, ಆದರೆ ಅವರು ಅದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತಾರೆ.

ಮಾಸ್ತರರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕ್ರಾಫ್ಟ್ ಕಲಿಸಿ ನಿವೃತ್ತರಾದವರು. ವಯಸ್ಸು ಎಪ್ಪತ್ನಾಲ್ಕು. ಸಿಂಧನೂರಿನಿಂದ ಗೊಬ್ಬರದ ಅಂಗಡಿಯ ಸಂಗನಬಸವ ಕಾರಿನಲ್ಲಿ ಬರುತ್ತಾನೆ. ಹಟ್ಟಿ ಗಣಿಯಲ್ಲಿ ಫಿಟ್ಟರ್ ಆಗಿರುವ ಶಿವಪ್ರಸಾದ ಪಾಳಿ ಇಲ್ಲದಿದ್ದರೆ ಬರುತ್ತಾನೆ. ಲಿಂಗಸುಗೂರಿನಿಂದ ಬಸ್ಸಿನಲ್ಲಿ ಬರುವವನು ದುರುಗೇಶ, ಸರ್ಕಾರಿ ಕಚೇರಿಯ ಗುಮಾಸ್ತ. ಈ ಕಥೆ ಅವನದು, ಇದರೊಳಗಿನ ತಪ್ಪೂ ಅವನದೇ.

ಆ ಶೆಡ್ಡಿನಲ್ಲಿ ಎರಡು ರಿವಾಜು. ಎರಡನ್ನೂ ಮಾಡಿದವರು ಮಾಸ್ತರರೇ. ಮೊದಲನೆಯದು, ಹೊಸದಾಗಿ ತಂದ ಹತಾರವನ್ನು ಬೆಂಚಿನ ಮೇಲೆ ಇಟ್ಟ ಕೂಡಲೇ ಅವರು ಕೇಳುತ್ತಾರೆ: "ಯಾರ ಕೈಯಾಗಿತ್ತು?" ಅಂಗಡಿಯ ಹೊಸ ಮಾಲಾದರೆ 'ಯಾರ ಕೈಯಾಗೂ ಇದ್ದಿಲ್ಲ' ಅನ್ನಬೇಕು. ಹಳೆಯದಾದರೆ ಯಾರ ಕೈಯಲ್ಲಿತ್ತೋ ಅವರ ಹೆಸರು ಹೇಳಬೇಕು. ತಿಳಿಯದಿದ್ದರೆ 'ಗೊತ್ತಿಲ್ಲ' ಅನ್ನಬೇಕು. ಬೆಲೆಯ ವಿಷಯದಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಎಲ್ಲರೂ ಹೇಳುತ್ತಾರೆ. ಈ ಒಂದು ಮಾತಿಗೆ ಮಾತ್ರ ಸುಳ್ಳು ನಡೆಯುವುದಿಲ್ಲ. ಎರಡನೆಯ ರಿವಾಜು, ನಾಲ್ವರೊಳಗೆ ಹತಾರ ಕೊಡುವುದೂ ಇಲ್ಲ, ಮಾರುವುದೂ ಇಲ್ಲ. ಒಮ್ಮೆ ಸಂಗನಬಸವ ಪ್ರೀತಿಯಿಂದ ಕೊಟ್ಟ ಉಳಿಯಲ್ಲಿ ಶಿವಪ್ರಸಾದ ಬಣ್ಣದ ಡಬ್ಬಿಯ ಮುಚ್ಚಳ ತೆಗೆದುಬಿಟ್ಟ. ಅದರ ಮೇಲೆ ಒಂದು ವರ್ಷ ಇಬ್ಬರೂ ಮುಖ ನೋಡಲಿಲ್ಲ. ಅವತ್ತಿನಿಂದ ಆ ರಿವಾಜು.

ದುರುಗೇಶನಿಗೆ ಈ ಹುಚ್ಚು ಹಿಡಿದ ಕಾರಣ ಮಿಕ್ಕವರ ಕಾರಣದಂಥದಲ್ಲ. ಅವನ ಅಪ್ಪ ಲಾಲಪ್ಪ ಹಟ್ಟಿ ಗಣಿಯಲ್ಲಿ ದುಡಿದು ಸತ್ತವನು. ಅಲ್ಲಿ ಪಾಳಿಗೆ ಹೋಗುವಾಗ ನಂಬರಿನ ಬಿಲ್ಲೆ ಕೊಟ್ಟು ಕಂಪನಿಯ ಹತಾರ ತೆಗೆದುಕೊಳ್ಳಬೇಕು, ಮೇಲೆ ಬಂದಾಗ ಹತಾರ ಕೊಟ್ಟು ಬಿಲ್ಲೆ ವಾಪಸು ಪಡೆಯಬೇಕು. ಅಪ್ಪ ಸತ್ತ ಮೇಲೆ ಮನೆಯಲ್ಲಿ ಹುಡುಕಿದರೆ ಅವನ ಕೈ ಹಿಡಿದದ್ದು ಅನ್ನುವ ಒಂದು ಸುತ್ತಿಗೆಯೂ ಇರಲಿಲ್ಲ. ಮಾಸ್ತರರು ತಮ್ಮ ತಂದೆಯ, ಅವರ ಮಾತಿನಲ್ಲಿ ಅಬ್ಬಾನ, ಹತಾರಗಳ ಸುದ್ದಿ ತೆಗೆದಾಗಲೆಲ್ಲ ದುರುಗೇಶ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದ, ಕೇಳುತ್ತಲೇ ಒಳಗೊಳಗೆ ಕರುಬುತ್ತಿದ್ದ. ಆ ಅಬ್ಬಾ ತನ್ನ ಪ್ರತಿ ಹತಾರಕ್ಕೂ ಒಂದು ಗುರುತು ಹಾಕುತ್ತಿದ್ದನಂತೆ: ಮೂರು ಚುಕ್ಕಿ, ಕೆಳಗೊಂದು ಗೆರೆ. ಶೆಡ್ಡಿನ ಗೋಡೆಗೆ ತೂಗುಹಾಕಿದ ಉಳಿಗಳ ಮೇಲೆಲ್ಲ ಅದಿತ್ತು. ಎಲ್ಲಕ್ಕಿಂತ ಒಳ್ಳೆಯದು ಬೀಟೆ ಮರದ ಒಂದು ರಂದಾ ಎಂದು ಮಾಸ್ತರರು ಹೇಳುತ್ತಿದ್ದರು. ಅದು ಟ್ರಂಕಿನಲ್ಲಿತ್ತು. ಅದನ್ನು ಯಾರೂ ಕಂಡಿರಲಿಲ್ಲ.

ಒಂದು ಶುಕ್ರವಾರ ರಜೆ ಹಾಕಿ ದುರುಗೇಶ ವಳಕಮದಿನ್ನಿಯಲ್ಲಿರುವ ತಂಗಿಯನ್ನು ನೋಡಿಕೊಂಡು ವಾಪಸು ಬರುವಾಗ ಸಿಂಧನೂರಿನಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಬಸ್ಸಿಗೆ ಹೊತ್ತಿದ್ದರೆ ಅವನ ಕಾಲು ತಾನಾಗಿ ಬಾಲಪ್ಪನ ಗುಜರಿ ಅಂಗಡಿಯ ಕಡೆಗೆ ನಡೆಯುತ್ತದೆ. ಅವತ್ತು ಬಾಲಪ್ಪನೇ ದೂರದಿಂದ ಕೈಮಾಡಿ ಕರೆದ.

"ಬರ್ರಿ ಸಾಹೇಬ್ರ, ಬರ್ರಿ. ನಿಮಗಂತ ಒಂದ್ ಮಾಲು ತೆಗೆದಿಟ್ಟೀನಿ. ಮೂರು ಮಂದಿ ಕೇಳಿದ್ರು, ಕೊಟ್ಟಿಲ್ಲ."

ಗೋಣಿತಟ್ಟಿನ ಕೆಳಗಿನಿಂದ ಹೊರಬಂದದ್ದು ಕಪ್ಪಗೆ ಮಿರುಗುವ ಒಂದು ರಂದಾ. ಕೈಯಲ್ಲಿ ಹಿಡಿದರೆ ತೂಕವಾಗಿ, ತಣ್ಣಗೆ, ಕೂಸಿನ ಹಾಗೆ ಮೈಗೆ ಹೊಂದಿಕೊಂಡಿತು. ಎಲ್ಲಿಂದ ಬಂತು ಎಂದು ಕೇಳಿದರೆ ಬಾಲಪ್ಪ ಬಿಡಿಸಿ ಹೇಳಲಿಲ್ಲ. "ಬಂದೈತಿ ಬಿಡ್ರಿ, ಒಯ್ಯಿರಿ" ಎಂದು ನಕ್ಕ. ದುರುಗೇಶ ಮತ್ತೆ ಕೇಳಲಿಲ್ಲ.

ಮರುದಿನ ಎರಡನೇ ಶನಿವಾರ. ಬೆಳಗ್ಗೆ ಚಹಾ ಕುಡಿದವನೇ ಪಡಸಾಲೆಯಲ್ಲಿ ಪೇಪರ್ ಹಾಸಿಕೊಂಡು ಕೂತ. ಹಳೆಯ ಹತಾರ ಸಿಕ್ಕರೆ ಮೊದಲು ಉಸುಕಿನ ಕಾಗದ ಹಚ್ಚಿ ಒಳಗಿನ ಮರದ ಬಣ್ಣ ಕಾಣುವವರೆಗೆ ತಿಕ್ಕುವುದು ಅವನ ಚಟ. ಮಾಸ್ತರರು ನೂರು ಸಲ ಬೈದಿದ್ದರು: "ಅದು ಹೊಲಸಲ್ಲೋ, ಮಂದಿ ಕೈಯ ಎಣ್ಣಿ ಕುಡಿದು ಮರ ಕಪ್ಪಾಗಿರತೈತಿ. ತಿಕ್ಕಬ್ಯಾಡ." ಆಗ ಹೂಂ ಅಂದವನು ಮನೆಗೆ ಬಂದು ಮತ್ತೆ ತಿಕ್ಕುತ್ತಿದ್ದ.

ಅರ್ಧ ಗಂಟೆ ತಿಕ್ಕಿದ ಮೇಲೆ ರಂದಾದ ಮೂತಿಯ ಮೇಲೆ ಕೈ ನಿಂತಿತು. ಕಪ್ಪು ಹೋಗಿ ಕೆಂಪಗಾದ ಮರದಲ್ಲಿ ಎರಡು ಕಪ್ಪು ಚುಕ್ಕಿ ಉಳಿದಿದ್ದವು, ಕೆಳಗೆ ಒಂದು ಗೆರೆ. ಮೂರನೆಯ ಚುಕ್ಕಿ ಇರಬೇಕಾದ ಜಾಗ ಆಗಲೇ ನುಣ್ಣಗಾಗಿತ್ತು.

ಮಾಸ್ತರರ ಮನೆಗೆ ಹಿಂದಿನ ತಿಂಗಳು ಸುಣ್ಣ ಬಳಿಸಿದ್ದರು. ಸೊಸೆ ಒಂದು ಚೀಲ ಹಳೆ ಕಬ್ಬಿಣ ಗುಜರಿಯವನಿಗೆ ಹಾಕಿದಳೆಂದು ಅವರೇ ನಗುತ್ತ ಹೇಳಿದ್ದರು. ಅದರೊಂದಿಗೆ ಟ್ರಂಕಿನ ರಂದಾ ಕೂಡ ಹೋಗಿರಬೇಕು, ಮುದುಕನಿಗೆ ಗೊತ್ತೇ ಆಗಿಲ್ಲ, ಎಂದುಕೊಂಡ. ಫೋನು ಅಂಗಿಯ ಕಿಸೆಯಲ್ಲೇ ಇತ್ತು. ತೆಗೆದ. ಹೆಸರು ಹುಡುಕಿದ.

ಅಷ್ಟರಲ್ಲಿ ಹೆಂಡತಿ ಅಂಬಿಕಾ ಸೊಪ್ಪಿನ ಬುಟ್ಟಿ ಹಿಡಿದು ಹೊರಗೆ ಬಂದಳು.

"ಅಯ್ಯ, ಇದು ಮಾತ್ರ ಖರೇನ ಚಂದ ಐತಿ ನೋಡ್ರಿ. ಯಾರಾರ ಕೇಳಿದ್ರ ನಮ್ಮ ಮಾವಾರದು ಅಂತ ಹೇಳಬಹುದು."

ಅವಳು ಸುಮ್ಮನೆ ಆಡಿದ ಮಾತು. ಹಾಗೇ ಹಿತ್ತಲಿಗೆ ಹೋದಳು. ದುರುಗೇಶ ಫೋನು ಕಿಸೆಗೆ ಹಾಕಿದ. ಉಸುಕಿನ ಕಾಗದ ಮಡಚಿ ಬೆರಳಿಗೆ ಸುತ್ತಿಕೊಂಡ. ಆ ಒಂದು ಚುಕ್ಕಿ ಹೋದದ್ದು ಗೊತ್ತಿಲ್ಲದೆ. ಉಳಿದ ಎರಡು ಚುಕ್ಕಿ, ಆ ಗೆರೆ, ಇವನ್ನು ಅವನು ಗೊತ್ತಿದ್ದೇ ಅಳಿಸಿದ. ಅದಕ್ಕೆ ಬೇಕಾದದ್ದು ಐದೇ ನಿಮಿಷ. ಆಮೇಲೆ ಅಗಸೆ ಎಣ್ಣೆ ಸವರಿ ಬಿಸಿಲಿಗೆ ಇಟ್ಟ, ಮರ ಹೊಳೆಯಿತು, ಅವನಿಗೆ ನೋಡಲು ಮನಸ್ಸಾಗಲಿಲ್ಲ.

ತಿಂಗಳ ಮೊದಲ ಭಾನುವಾರ ಬಂತು. ಹೋಗದೆ ಇದ್ದುಬಿಡೋಣ ಎಂದುಕೊಂಡವನು, ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದ. ಕಳ್ಳನ ಬುದ್ಧಿ ಎಷ್ಟು ಬೇಗ ಬರುತ್ತದೆಂದು ಅವನಿಗೇ ಅಸಹ್ಯವಾಯಿತು.

ಶೆಡ್ಡಿನಲ್ಲಿ ಸಂಗನಬಸವ ಮೊದಲೇ ಬಂದು ಕೂತಿದ್ದ. ಆನ್‌ಲೈನಿನಲ್ಲಿ ತರಿಸಿದ ಜಪಾನಿನ ಗರಗಸವನ್ನು ಡಬ್ಬಿಯಿಂದ ತೆಗೆಯುವ ಮೊದಲು ಕೈ ತೊಳೆದುಕೊಂಡ.

"ಇದು ದೂಡಿದ್ರ ಕೊಯ್ಯಾಂಗಿಲ್ರೀ ಮಾಸ್ತರ, ಎಳದ್ರ ಕೊಯ್ಯತೈತಿ."

"ನೀ ದೂಡಲ್ಲ, ಎಳಿಯಲ್ಲ. ನಿನಗ ಯಾವುದಾದ್ರೇನು?" ಎಂದರು ಮಾಸ್ತರರು. ಶಿವಪ್ರಸಾದ ನಕ್ಕು ನಕ್ಕು ಕೆಮ್ಮಿದ. ಅವನು ತಂದದ್ದು ನಟ್ಟು ಬಿಗಿಯುವ ಒಂದು ಪಾನಾ. ಅವನು ಯಾವಾಗಲೂ ತರುವುದು ಪಾನಾವೇ.

ದುರುಗೇಶನ ಸರದಿ ಬಂತು. ಬಟ್ಟೆ ಬಿಚ್ಚಿದ. ಸಂಗನಬಸವ ಬಾಯಿ ತೆರೆದು ನೋಡಿದ. "ಹೊಟ್ಟಿ ಉರಿಸಿದ್ಯಲ್ಲೋ ಮಾರಾಯ!"

ಮಾಸ್ತರರು ಕೈ ಚಾಚಿದರು. ರಂದಾವನ್ನು ಎತ್ತಿಕೊಂಡರು. ಅಲಗು ನೋಡಲಿಲ್ಲ, ಅಡಿ ನೋಡಲಿಲ್ಲ, ನೇರವಾಗಿ ಅದರ ಮೂತಿಯ ಮೇಲೆ ಹೆಬ್ಬೆರಳು ಇಟ್ಟರು. ಬೆರಳು ಅಲ್ಲಿ ಹೋಗಿ ಬಂತು, ಮತ್ತೆ ಹೋಗಿ ಬಂತು. ಈಚೆಗೆ ಅವರ ಕೈ ನಡುಗುತ್ತಿತ್ತು.

"ಯಾರ ಕೈಯಾಗಿತ್ತು, ದುರುಗೇಶ?"

"ಗೊತ್ತಿಲ್ರೀ. ಬಾಲಪ್ಪನ ಗುಜರ್ಯಾಗ ಸಿಕ್ತು."

"ಗುರ್ತು ಏನಾರ ಇತ್ತೇನು?"

"ಇದ್ದಿಲ್ರೀ."

ಎರಡು ಉತ್ತರ, ಎರಡೂ ಸುಳ್ಳು. ಆ ಶೆಡ್ಡಿನಲ್ಲಿ ಆ ಮಾತಿಗೆ ಯಾರೂ ಹೇಳಿರದ ಸುಳ್ಳು. ಮಾಸ್ತರರು "ಹೌದೇನು" ಎಂದರು. ರಂದಾವನ್ನು ಬಟ್ಟೆಯ ಮೇಲಿಟ್ಟು, ತಾವೇ ನಾಲ್ಕು ಮೂಲೆ ಕೂಡಿಸಿ ಗಂಟು ಹಾಕಿ ಅವನ ಮುಂದೆ ಸರಿಸಿದರು. ಚಹಾ ಬಂತು. ಅವರ ಕಪ್ಪಿನಲ್ಲಿ ಕೆನೆ ಕಟ್ಟಿತು.

ಆಮೇಲಿನ ದಿನಗಳಲ್ಲಿ ದುರುಗೇಶನಿಗೆ ಅನ್ನ ರುಚಿಸಲಿಲ್ಲ. ರಂದಾವನ್ನು ಒಂದು ಸಲವೂ ಹಲಗೆಯ ಮೇಲೆ ಓಡಿಸಲಿಲ್ಲ. ಅಪ್ಪನ ಹತಾರ ಇಲ್ಲವೆಂದು ಕೊರಗುತ್ತಿದ್ದವನು ಇನ್ನೊಬ್ಬರ ಅಪ್ಪನ ಕೈಯನ್ನೇ ಅಳಿಸಿ ಕೂತಿದ್ದೇನೆ ಎಂಬ ಮಾತು ಕಡತದ ಮೇಲೆ ಸಹಿ ಹಾಕುವಾಗ, ಸ್ನಾನ ಮಾಡುವಾಗ, ಯಾವಾಗೆಂದರೆ ಆವಾಗ ಬಂದು ಚುಚ್ಚುತ್ತಿತ್ತು. ತನ್ನ ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದ ಎಂದೂ ಅವನು ಯೋಚಿಸಿದ. ಕಂಪನಿಯ ಒಂದು ಮೊಳೆಯನ್ನೂ ಮನೆಗೆ ತಂದವನಲ್ಲ ಅಪ್ಪ.

"ಯಾಕ್ರಿ, ಮಾರಿ ಹಿಂಗ್ಯಾಕ ಮಾಡ್ಕೊಂಡೀರಿ?" ಎಂದು ಅಂಬಿಕಾ ಮೂರು ದಿನ ಕೇಳಿದಳು. ನಾಲ್ಕನೆಯ ದಿನ ಅವನು ಎಲ್ಲವನ್ನೂ ಹೇಳಿದ. ಅವಳು ಬಯ್ಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ. ರಂದಾವನ್ನು ಕೈಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಟ್ಟು, "ಮಸ್ಕಿ ಬಸ್ಸು ಹನ್ನೊಂದಕ್ಕೈತಿ" ಎಂದಳು.

ಅವನು ಹೋದಾಗ ಮಾಸ್ತರರು ಶೆಡ್ಡಿನಲ್ಲಿ ಒಬ್ಬರೇ ಸಾಣೆಕಲ್ಲಿಗೆ ನೀರು ಹಾಕುತ್ತಿದ್ದರು. ದುರುಗೇಶ ಕೂರಲಿಲ್ಲ. ಚೀಲವನ್ನು ಬೆಂಚಿನ ಮೇಲಿಟ್ಟ.

"ಮಾಸ್ತರ, ಇದು ನಿಮ್ಮ ಅಬ್ಬಾಂದು. ಗುರ್ತು ಇತ್ರಿ. ಒಂದು ಚುಕ್ಕಿ ಗೊತ್ತಿಲ್ಲದ ಹೋತು. ಉಳಿದದ್ದು ನಾನ ಅಳಿಸಿದೆ. ಆಸೆ ಆತ್ರಿ. ನಿಮ್ಮ ಸೊಸಿ ತಪ್ಪಿ ಗುಜರಿಗೆ ಹಾಕ್ಯಾಳ ಅಂತ ತಿಳಕೊಂಡು ಸುಮ್ಮನಾದೆ. ತಗೊಳ್ರಿ."

ಮಾಸ್ತರರು ಕಲ್ಲಿನಿಂದ ತಲೆ ಎತ್ತಲಿಲ್ಲ.

"ಸೊಸಿ ಹಾಕಿಲ್ಲೋ. ನಾನ ಕೊಟ್ಟೀನಿ ಬಾಲಪ್ಪಗ."

ದುರುಗೇಶನಿಗೆ ಅರ್ಥವಾಗಲಿಲ್ಲ.

"ನನ್ನ ಕೈ ನೋಡೀ ಇಲ್ಲ? ರಂದಾ ಹಿಡಿದ್ರ ಹಲಗಿ ಕೆಡತೈತಿ. ಮಗಗ ಇದರ ಮ್ಯಾಲ ಮನಸ್ಸಿಲ್ಲ. ನಿನಗ ಕೊಡಬೇಕಂತ ಬಾಳ ದಿನದಿಂದ ಇತ್ತು. ಆದ್ರ ನಮ್ಮೊಳಗ ಕೊಡಾಂಗಿಲ್ಲಂತ ರಿವಾಜು ಮಾಡಿದಾಂವ ನಾನ. ಎಲ್ಲಾರ ಮುಂದ ಹೆಂಗ ಮುರೀಲಿ? ಅದಕ್ಕ ಬಾಲಪ್ಪಗ ಹೇಳಿದೆ, ಲಿಂಗಸುಗೂರಿನ ಕ್ಲಾರ್ಕ್ ಬಂದ್ರ ಅಷ್ಟ ಕೊಡು, ನನ್ನ ಹೆಸರು ಹೇಳಬ್ಯಾಡ ಅಂತ."

ಅವರು ಮಸೆಯುತ್ತಿದ್ದ ಉಳಿಯ ಅಲಗನ್ನು ಪಂಚೆಯ ತುದಿಯಿಂದ ಒರೆಸಿದರು.

"ಗುರ್ತು ನೋಡಿದ ಕೂಡಲೇ ಫೋನ್ ಮಾಡ್ತಿ, 'ಮಾಸ್ತರ, ನಿಮ್ಮ ರಂದಾ ಸಿಕ್ಕೈತಿ' ಅಂತಿ. ಆಗ 'ಇಟ್ಕೋ ಮಗನ' ಅನಬೇಕಂತ ಮಾಡಿದ್ದೆ. ನೀ ಒಯ್ದ ದಿನಾನ ಬಾಲಪ್ಪ ಸುದ್ದಿ ಹೇಳಿದ. ಅವತ್ತಿನಿಂದ ಫೋನ್ ಕೈಯಾಗ ಹಿಡ್ಕೊಂಡ ಕುಂತಿದ್ದೆ. ಬಚ್ಚಲಕ್ಕ ಹೋದ್ರೂ ಒಯ್ತಿದ್ದೆ."

ದುರುಗೇಶ ಕೂತುಬಿಟ್ಟ. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ. ಕೈಯಲ್ಲಿ ಫೋನು ಹಿಡಿದು ಕಾದ ಮುದುಕನನ್ನು ನೆನೆದು ಅವನಿಗೆ ಅಳು ಬಂತು, ಮುಖ ಮುಚ್ಚಿಕೊಂಡು ಅತ್ತ. ತನಗೇ ಕೊಡಬೇಕೆಂದಿದ್ದವರ ವಸ್ತುವನ್ನು ಅವನು ಕದ್ದಿದ್ದ.

"ನಾ ಮತ್ತ ಕೆತ್ತಿಕೊಡ್ತೀನ್ರಿ ಗುರ್ತು" ಎಂದ, ಮೂಗು ಒರೆಸಿಕೊಳ್ಳುತ್ತ.

"ಬ್ಯಾಡ. ಅಬ್ಬಾ ಹಾಕಿದ್ದು ಅಬ್ಬಾನ ಕೈ. ನೀ ಹಾಕಿದ್ರ ಅದೂ ಒಂದು ಸುಳ್ಳಾಗತೈತಿ. ಬೋಳ ಇರ್ಲಿ."

"ಹಂಗಾರ ನೀವ ಇಟ್ಕೊಳ್ರಿ."

ಮಾಸ್ತರರು ಚೀಲವನ್ನು ಅವನ ಕಡೆಗೇ ಸರಿಸಿದರು. "ನಾ ಕೊಟ್ಟದ್ದು ಕೊಟ್ಟೆ. ಬರೋ ಸಲ ಇದನ್ನ ತಗೊಂಡು ಬಾ. ಎಲ್ಲಾರ ಮುಂದ ಮತ್ತೊಮ್ಮೆ ಕೇಳ್ತೀನಿ."

ಮುಂದಿನ ತಿಂಗಳ ಮೊದಲ ಭಾನುವಾರ ದುರುಗೇಶ ಎಲ್ಲರಿಗಿಂತ ಮೊದಲೇ ಬಂದ. ಸಂಗನಬಸವ ಹೊಸ ಸುತ್ತಿಗೆ ತೋರಿಸಿದ, ಶಿವಪ್ರಸಾದ ಪಾನಾ ತೋರಿಸಿದ. ದುರುಗೇಶ ಬಟ್ಟೆ ಬಿಚ್ಚಿದಾಗ ಸಂಗನಬಸವ ನಕ್ಕ.

"ಏನಪಾ, ತೋರಿಸಿದ್ದನ್ನ ಮತ್ತ ತಂದೀಯಲ್ಲ? ಕೊಳ್ಳಾಕ ಏನೂ ಸಿಗಲಿಲ್ಲೇನು?"

ಮಾಸ್ತರರು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ರಂದಾವನ್ನು ಮುಟ್ಟಲಿಲ್ಲ.

"ಯಾರ ಕೈಯಾಗಿತ್ತು, ದುರುಗೇಶ?"

ತಲೆ ತಗ್ಗಿಸಿದವನು ಮತ್ತೆ ಎತ್ತಿದ, ಯಾಕೆಂದರೆ ಮಾಸ್ತರರು ಅವನನ್ನೇ ನೋಡುತ್ತಿದ್ದರು.

"ಮಾಸ್ತರ ಅಬ್ಬಾನ ಕೈಯಾಗಿತ್ರಿ. ಆಮ್ಯಾಲ ಮಾಸ್ತರ ಕೈಯಾಗಿತ್ತು. ಮೂರು ಚುಕ್ಕಿ, ಒಂದು ಗೆರಿ ಇತ್ತು. ನಾ ಅಳಿಸೀನಿ. ಹೋದ ಸಲ ಗೊತ್ತಿಲ್ಲ ಅಂತ ಸುಳ್ಳು ಹೇಳಿದ್ದೆ."

ಶಿವಪ್ರಸಾದ ಕೈಯಲ್ಲಿದ್ದ ಪಾನಾವನ್ನು ಸದ್ದಾಗದಂತೆ ಕೆಳಗಿಟ್ಟ. ಸಂಗನಬಸವ ಬೇರೆ ಕಡೆ ನೋಡಿದ. ಹೊರಗೆ ಸಿಂಧನೂರು ಬಸ್ಸು ಹಾರ್ನ್ ಹೊಡೆದು ಹೋಯಿತು.

ಮಾಸ್ತರರು ಒಂದು ಸಾಗವಾನಿ ಹಲಗೆಯನ್ನು ಬೆಂಚಿನ ಮೇಲೆ ಇಟ್ಟು ಬಿಗಿದರು.

"ಹೊಡಿ ಒಂದು ಸುರುಳಿ, ನೋಡೋಣು."

ದುರುಗೇಶ ರಂದಾ ಹಿಡಿದ. ಮೂತಿಯ ಮೇಲೆ, ಏನೂ ಇಲ್ಲದ ಆ ನುಣುಪು ಜಾಗದಲ್ಲಿ, ಅವನ ಹೆಬ್ಬೆರಳು ತಾನಾಗಿ ಹೋಗಿ ಕೂತಿತು. ಅವನು ತಳ್ಳಿದ. ಹಲಗೆಯಿಂದ ಎದ್ದ ತೆಳು ಸುರುಳಿ ನಡುವೆಯೇ ಹರಿಯಿತು.

"ಮತ್ತೊಮ್ಮೆ" ಎಂದರು ಮಾಸ್ತರರು.