ಮೂರನೇ ಸಲ ಹಿಡಿದ ಹೊಲಿಗೆ

ಟೇಲರ್‌ಗೆ ಜನರ ಮುಖ ಮರೆತರೂ ಅಳತೆ ಮರೆಯುತ್ತಿರಲಿಲ್ಲ. ವಕೀಲರ ಬಲಭುಜ ಎಡಕ್ಕಿಂತ ಅರ್ಧ ಇಂಚು ಕೆಳಗೆ, ಬ್ಯಾಂಕ್ ಮ್ಯಾನೇಜರ್ ಹೊಟ್ಟೆ ವರ್ಷಕ್ಕೊಂದು ಇಂಚು ಮುಂದೆ, ಎಲ್ಲ ಬಾಯಿಪಾಠ. ಭುಜ ಇಳಿದಿದ್ದರೆ "ಯಾಕ್ ಸಾರ್, ನಿದ್ದೆ ಇಲ್ವಾ?" ಎಂದು ಕೇಳುವ ಸೌಜನ್ಯವೂ ಇತ್ತು. ಈ ಉಪಚಾರವೆಲ್ಲ ಅಂಗಡಿಯಲ್ಲೇ ಖರ್ಚಾಗಿ, ಮನೆಗೆ ಹೋಗುವ ಹೊತ್ತಿಗೆ ಆಸಾಮಿಯ ಬಾಯಿಗೆ ಬೀಗ.

ಅವನ ಹೆಂಡತಿ ಬಸ್ ಕಂಡಕ್ಟರ್. ಆರು ತಿಂಗಳಲ್ಲಿ ಎರಡು ಸಲ ಅವಳ ಸಡಿಲವಾದ ಯೂನಿಫಾರ್ಮಿನ ಪಕ್ಕ ಹಿಡಿದು ಹೊಲಿದುಕೊಟ್ಟಿದ್ದ. ಇವತ್ತು ಡ್ಯೂಟಿ ಮುಗಿಸಿ, ತೊಟ್ಟ ಅಂಗಿಯಲ್ಲೇ ಮತ್ತೆ ಅಂಗಡಿಗೆ ಬಂದು ನಿಂತಳು. ಶಾಲೆ ತೆರೆಯುವ ವಾರ ಬೇರೆ. ಸುತ್ತ ಮಕ್ಕಳ ಬಟ್ಟೆಯ ರಾಶಿ, ಅವನಿಗೆ ಕತ್ತು ಹಿಡಿದುಕೊಂಡಿತ್ತು, ಕಣ್ಣು ಉರಿಯುತ್ತಿತ್ತು.

"ಅಲ್ಲಾಡಬೇಡ" ಎಂದು ಎರಡೂ ಪಕ್ಕ ಗುಂಡುಪಿನ್ನು ಚುಚ್ಚಿ ಅಳೆದ. "ಒಂದೂವರೆ ಇಂಚು! ಇನ್ನೊಂದ್ಸಲ ಹಿಡಿದ್ರೆ ಜೇಬು ಬೆನ್ನಿಗೆ ಹೋಗುತ್ತೆ ನೋಡು."

ಅವಳು ನಗಲಿಲ್ಲ.

"ಇದು ಮೂರನೇ ಸಲ ರೀ. ಯಾಕೆ ಇಷ್ಟು ತೆಳ್ಳಗಾದೆ ಅಂತ ಒಂದ್ಸಲಾನೂ ಕೇಳ್ಲಿಲ್ಲ ನೀವು."

ಜಗಳದ ದನಿಯಲ್ಲ. ಜಗಳಕ್ಕೆ ಬೇಕಾದ ತ್ರಾಣವೇ ಅವಳಲ್ಲಿ ಉಳಿದಿರಲಿಲ್ಲ.

"ನೀನೇ ಊಟ ಕಮ್ಮಿ ಮಾಡಿದೀಯ ಅಂದ್ಕೊಂಡೆ."

"ನಾನು ಊಟ ಮಾಡೋದನ್ನ ಯಾವತ್ತಾದ್ರೂ ನೋಡಿದೀರಾ?"

ನೋಡಿರಲಿಲ್ಲ. ದಿನವೂ ಎದುರಿಗೇ ಕೂತು ಉಣ್ಣುತ್ತಿದ್ದ, ತಲೆಯಲ್ಲಿ ಮಾತ್ರ ಮಾರನೇ ದಿನದ ಕಾಲರುಗಳು. ಊರಿನವರ ಭುಜವನ್ನೆಲ್ಲ ವಿಚಾರಿಸಿಕೊಂಡ ತನಗೆ ಇದು ಕಾಣಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು.

"ಏನಾಗಿದೆ ಹೇಳು."

ಅಷ್ಟರಲ್ಲಿ ವಕೀಲರು ಒಳಗೆ ಬಂದರು. "ಕೋಟು ಒಂದ್ಸಲ ಹಾಕಿ ನೋಡೋಣ್ವಾ?"

ಹೆಂಡತಿ ಅಭ್ಯಾಸಬಲದಿಂದ ಗೋಡೆಯ ಕಡೆ ಸರಿದು ದಾರಿ ಬಿಟ್ಟಳು.

"ಕೋಟು ಇವತ್ತಾಗಲ್ಲ ಸಾರ್."

"ನಾಳೆ ಬೆಳಿಗ್ಗೆ ಬೇಕು ಅಂದಿದ್ನಲ್ಲ ಮಾರಾಯ!"

"ನಾಳೆನೂ ಆಗಲ್ಲ. ಬೇರೆ ಕಡೆ ಕೊಟ್ರೂ ನಂಗೇನೂ ಬೇಜಾರಿಲ್ಲ."

ವಕೀಲರು ಗೊಣಗುತ್ತ ಹೋದರು. ಹತ್ತು ವರ್ಷದ ಗಿರಾಕಿ, ಇನ್ನು ಬರುವುದು ಅನುಮಾನವೇ. ಅವನು ಶಟರ್ ಎಳೆದು, ಬಟ್ಟೆ ರಾಶಿ ಪಕ್ಕಕ್ಕೆ ತಳ್ಳಿ, ಅವಳಿಗೊಂದು ಸ್ಟೂಲು ಹಾಕಿದ.

"ಗಂಟಲಲ್ಲಿ ಗಂಟಿದೆ, ತಿಂದಿದ್ದು ಇಳಿಯಲ್ಲ. ಆಸ್ಪತ್ರೇಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದಾರೆ. ಗುರುವಾರ ರಿಪೋರ್ಟು. ಅಷ್ಟೇ" ಎಂದು ಒಂದೇ ಉಸಿರಿಗೆ ಹೇಳಿ ಅವಳು ಎದ್ದೇಬಿಟ್ಟಳು. ಇಪ್ಪತ್ತು ವರ್ಷದಿಂದ ಗಂಡನಿಗೆ ಏನು ಹೇಳುವುದಿದ್ದರೂ ಮುಂದಿನ ಗಿರಾಕಿ ಬರುವುದರೊಳಗೆ ಮುಗಿಸಿ ರೂಢಿ.

"ಕೂತ್ಕೋ" ಎಂದ ಅವನು. "ಯಾರೂ ಬರಲ್ಲ. ಮೊದಲಿಂದ ಹೇಳು."

ಅವಳು ಕೂತಳು. ಮೊದಲು ಎಂದರೆ ಯಾವುದು ಎಂದು ಅವಳಿಗೆ ತಿಳಿಯಲಿಲ್ಲ.