ರೊಟ್ಟಿಗೆ ಬಿದ್ದ ಕಪ್ಪು ಬಾಣ

"ನನ್ನ ರೊಟ್ಟಿ ತಿಂದು ನನ್ನ ಹೊಟ್ಟಿ ಮ್ಯಾಲೇ ಹೊಡಿತೀರೇನ್ರಿ ಸೊಣ್ಣಮ್ಮಾರ? ಕೆಳಗಿನ ಬಾಣ ಒತ್ರಿ ಅಂತ ಪಾರ್ಕಿನ್ಯಾಗ ಎಲ್ಲಾರಿಗೂ ಹೇಳಿದ್ರಂತ!"

ಸಂಗವ್ವ ಗೇಟಿನ ಹೊರಗಿನಿಂದಲೇ ಕೂಗಿದಳು. ಸೊಣ್ಣಮ್ಮ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಿದರು.

"ಊಂ ಕಣವ್ವ, ಯೋಳ್ದೆ. ಅದುಕ್ಯಾಕೆ ಇಂಗ್ ಕುಣೀತೀಯ?"

ಊರಂಚಿನ ಸಿಂಗಾಪುರ ಲೇಔಟಿನವರಿಗೆ ಮೊಬೈಲಿನಲ್ಲೊಂದು ಗ್ರೂಪ್ ಇದೆ. ಯಾರು ಏನು ಹಾಕಿದರೂ ಅದರ ಕೆಳಗೆ ಎರಡು ಬಾಣ. ಹಸಿರು ಬಾಣ ಮೇಲಕ್ಕೆ, ಅಂದರೆ ಚೆನ್ನಾಗಿದೆ. ಕಪ್ಪು ಬಾಣ ಕೆಳಕ್ಕೆ, ಅಂದರೆ ಬೇಡ. ಐದು ಕಪ್ಪು ಬಾಣ ಬಿದ್ದರೆ ಹಾಕಿದ್ದು ಕಣ್ಮರೆ. ಗಾರ್ಮೆಂಟ್ಸ್ ಕೆಲಸ ಬಿಟ್ಟ ಸಂಗವ್ವ ಈ ಗ್ರೂಪಿನಲ್ಲಿ ಜೋಳದ ರೊಟ್ಟಿಯ ಫೋಟೋ ಹಾಕಿಯೇ ಸಂಸಾರ ನಡೆಸುತ್ತಿದ್ದಳು. ನಿನ್ನೆ ಫೋಟೋ ಮಾಯ. ಇವತ್ತು ಒಂದು ಆರ್ಡರೂ ಇಲ್ಲ.

"ಅಷ್ಟು ಜನ ಚೆನ್ನಾಗದೆ ಚೆನ್ನಾಗದೆ ಅಂದ್ರೆ ದೃಷ್ಟಿ ಆಗಕಿಲ್ವಾ?" ಅಂದರು ಸೊಣ್ಣಮ್ಮ. "ಮಗೀಗೆ ಕೆನ್ನೆ ಮೇಲೆ ಕಪ್ಪು ಇಕ್ತೀವಲ್ಲ, ಅಂಗೇ ಒಂದು ಕರೀ ಬಾಣ ಇಕ್ದೆ. ನಮ್ಮ ಬೀದಿ ಎಂಗಸ್ರ ಕೈಲೂ ಇಕ್ಸಿದೆ. ನಿನ್ನ ಒಳ್ಳೇದುಕ್ಕೇ ಕಣೆ!"

ಸಂಗವ್ವನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಸೊಣ್ಣಮ್ಮನ ಕೈ ಹಿಡಿದು ಎಳೆದುಕೊಂಡೇ ಗ್ರೂಪ್ ನಡೆಸುವ ಮನೋಹರ್ ಮನೆಗೆ ಹೋದಳು.

ವಿಷಯ ಕೇಳಿ ಮನೋಹರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಒತ್ತಿದ ಬಾಣವನ್ನೇ ಇನ್ನೊಮ್ಮೆ ಒತ್ತಿದರೆ ಅಳಿಸಿಹೋಗುತ್ತದೆ ಎಂದು ತೋರಿಸಿಕೊಟ್ಟರು. ಸೊಣ್ಣಮ್ಮ ಒತ್ತಿದರು, ಫೋನ್ ಮಾಡಿ ಉಳಿದ ಹೆಂಗಸರಿಂದಲೂ ಒತ್ತಿಸಿದರು. ರೊಟ್ಟಿ ಮತ್ತೆ ಕಾಣಿಸಿತು. ಆದರೆ ಒಂದು ಕಪ್ಪು ಬಾಣ ಉಳಿದೇ ಇತ್ತು.

"ಇದು ಯಾರದ್ರಿ?"

"ಅದೆಲ್ಲ ಹೇಳೋ ಹಾಗಿಲ್ಲಮ್ಮ. ಗುಟ್ಟಾಗಿರ್ಬೇಕು. ಗ್ರೂಪ್ ತುಂಬ ಜಾಹೀರಾತು ಹಾಕ್ತಿದ್ದ ಸೈಟ್ ಬ್ರೋಕರ್‌ಗಳ ಕಾಟ ತಪ್ಪಿದ್ದೇ ಈ ಬಾಣದಿಂದ."

"ನಾ ಬ್ರೋಕರ್ ಏನ್ರಿ? ಯಾರು ಅಂತ ಹೇಳ್ರಿ!"

ಮನೋಹರ್ ಕಿಟಕಿಯ ಕಡೆ ನೋಡಿದರು. "ನಂದೇ. ನಿಮ್ಮ ರೊಟ್ಟಿ ಕಡಿದು ನನ್ನ ಹಲ್ಲಿನ ಕ್ಯಾಪ್ ಹೋಯ್ತು."

"ಅದು ಖಡಕ್ ರೊಟ್ಟಿ! ಖಡಕ್ ಇರಲಾರದ ಮತ್ತೇನು ಬೆಣ್ಣಿ ಇದ್ದಂಗ ಇರತೈತೇನು? ಪಲ್ಯದಾಗ ನೆನಿಸಿ ತಿನ್ನಬೇಕ್ರಿ. ಬಾಯಿ ಬಿಟ್ಟು ಹೇಳಿದ್ರ ಮೆತ್ತಂದು ಬಡದು ಕೊಡ್ತಿದ್ನಲ್ಲ!"

"ಹೇಳಿದ್ರೆ ನೀವು ಹೀಗೆ ಜಗಳಕ್ಕೆ ಬರ್ತೀರಲ್ಲ, ಅದಕ್ಕೇ ಬಾಣ ಇರೋದು."

"ಓಗ್ಲಿ ಬುಡವ್ವ, ದೃಷ್ಟಿಗೆ ಒಂದ್ ಇದ್ರೆ ಇರ್ಲಿ," ಎಂದರು ಸೊಣ್ಣಮ್ಮ.

"ತೆಗಿತೀರೋ ಇಲ್ಲೋ?" ಸಂಗವ್ವ ಮನೋಹರ್ ಕಡೆ ತಿರುಗಿದಳು.

"ಕ್ಯಾಪ್ ಹೋಗಿರೋದು ನಿಜ ತಾನೆ? ತೆಗಿಯಲ್ಲ."

ಸಂಗವ್ವ ನಿಂತಲ್ಲೇ ಮೊಬೈಲ್ ಒತ್ತಿ ಗ್ರೂಪಿನಿಂದ ಹೊರಬಂದಳು.

"ಎಲ್ಲಾರಿಗೂ ಹೇಳಿಬಿಡ್ರಿ, ನಂದು ಸೊಣ್ಣಮ್ಮಾರ ಮನಿ ಹಿಂದಿನ ಮನಿ. ರೊಟ್ಟಿ ಬೇಕಾದವ್ರು ಬಾಗಲಿಗೆ ಬರ್ರಿ. ಬೈಯೋದಿದ್ರೂ ಅಲ್ಲೇ ಬಂದು ಬೈರಿ. ನನಗೂ ಬಾಯಿ ಐತಿ."

ಚಪ್ಪಲಿ ಮೆಟ್ಟಿ ಹೊರಟೇಹೋದಳು. ಎಷ್ಟು ಜನ ಕರೆದರೂ ಮತ್ತೆ ಆ ಗ್ರೂಪಿನತ್ತ ತಿರುಗಿ ನೋಡಲಿಲ್ಲ. ಈಗ ರೊಟ್ಟಿ ಬೇಕಾದವರು ಅವಳ ಬಾಗಿಲಿಗೇ ಹೋಗುತ್ತಾರೆ. ಮನೋಹರ್ ಮಾತ್ರ ಹೆಂಡತಿಯನ್ನು ಕಳಿಸುತ್ತಾರೆ.