ಎತ್ತದ ಹೆಣಗಳು

"ಸತ್ತೋಳು ಕೆಮ್ತಾಳೇನೇ, ಬೋಸುಡಿ! ಬಾಯಿ ಮುಚ್ಕಂಡು ಬಿದ್ದಿರು!"

ನಾಗರಾಜಪ್ಪ ಕೂಗಿದ ಹೊಡೆತಕ್ಕೆ ದುರುಗಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೆಮ್ಮು ಎದೆಯೊಳಗೇ ಗುದ್ದಿತು. ಅದು ನಾಟಕದ ಕೆಮ್ಮಲ್ಲ. ಚಿಕ್ಕಜಾಜೂರು ಸ್ಟೇಷನ್ನಿನ ಹಿಂದಿನ ಕಂಪನಿ ಗೋದಾಮಿನಲ್ಲಿ ಆಸಿಡ್ ಜಾಡಿ ಹೊತ್ತೂ ಹೊತ್ತೂ ಕೇರಿಯವರ ಎದೆಯಲ್ಲೆಲ್ಲ ಮನೆ ಮಾಡಿದ್ದ ಕೆಮ್ಮು.

ಎಮರ್ಜೆನ್ಸಿ ಮುಗಿದು ಎಂಟು ವರ್ಷವಾಗಿತ್ತು. ದೂರದ ಯಾವುದೋ ಊರಲ್ಲಿ ವಿಷದ ಗ್ಯಾಸು ಸೋರಿ ಜನ ಸತ್ತರೆಂದು, ಇಂಥ ಗೋದಾಮಿರುವ ಕಡೆಯಲ್ಲೆಲ್ಲ ರಕ್ಷಣಾ ದಳ ಕಟ್ಟಿ ತರಬೇತಿ ಕೊಡಬೇಕೆಂದು ಮೇಲಿನಿಂದ ಆರ್ಡರ್ ಬಂದಿತ್ತು. ಊರ ಹುಡುಗರು ಖಾಕಿ ತೊಟ್ಟು ದಳವಾದರು. ತೆಂಗಿನಕಾಯಿ ಮಂಡಿಯ ನಾಗರಾಜಪ್ಪ ಅದರ ಮುಖಂಡನಾದ. ಕಲಿಸಲು ಬೆಂಗಳೂರಿನಿಂದ ಒಬ್ಬ ಸಾಹೇಬ ಬಂದ. ಗ್ಯಾಸು ಕುಡಿದು ಬಿದ್ದವರ ವೇಷಕ್ಕೂ ಜನ ಬೇಕಲ್ಲ? ಹಮಾಲರಲ್ಲದೆ ಇನ್ಯಾರು ಬಿಸಿಲಲ್ಲಿ ಹೆಣದಂತೆ ಬಿದ್ದಾರು! ದುರುಗಕ್ಕ, ಅವಳ ಗಂಡ ಚಿಕ್ಕತಿಮ್ಮಪ್ಪ, ಕೇರಿಯ ಇನ್ನೂ ಕೆಲವರು. ಅವರ ಜೊತೆಗೆ ಗೋದಾಮಿನ ಗುಮಾಸ್ತ ಮುರುಗಪ್ಪನೂ ತಮಾಷೆಗೆಂದು ಟವೆಲ್ಲು ಹಾಸಿಕೊಂಡು ಮಲಗಿದ್ದ.

ಸಾಹೇಬ ಸೀಟಿ ಊದಿದ. ದಳದವರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ಸ್ಟ್ರೆಚರ್ ಹಿಡಿದು ಓಡಿಬಂದರು. ಮುರುಗಪ್ಪನನ್ನು ಬಾಣಂತಿಯಂತೆ ಜೋಪಾನವಾಗಿ ಎತ್ತಿ ಔಷಧೋಪಚಾರದ ಡೇರೆಗೆ ಒಯ್ದರು. ಮತ್ತೆ ಬಂದವರು ದುರುಗಕ್ಕನಿಂದ ಮಾರು ದೂರದಲ್ಲೇ ನಿಂತುಬಿಟ್ಟರು.

"ಎದ್ದು ನೀನೇ ಡೇರೆ ಕಡೆ ನಡಿಯೇ," ಎಂದ ನಾಗರಾಜಪ್ಪ.

ಸಾಹೇಬ ಹತ್ತಿರ ಬಂದ. "ಯಾಕ್ರೀ ಎತ್ತಲ್ಲ?"

"ಕೇರಿಯೋರು ಸಾರ್. ನಮ್ ಹುಡುಗ್ರು ಮನೆಗೆ ಹೋಗ್ಬೇಕಲ್ಲ. ನಿಜವಾಗ್ಲು ಸೋರಿದಾಗ ನೋಡ್ಕಂತೀವಿ ಬಿಡ್ರಿ."

ಸಾಹೇಬ ಕನ್ನಡಕ ಒರೆಸಿಕೊಂಡ. ಪೀಪಾಯಿ ಎಳೆಯುವ ಉದ್ದನೆಯ ಕೊಕ್ಕೆಯೊಂದು ಗೋಡೆಗೆ ಒರಗಿತ್ತು. "ಹಾಗಾದ್ರೆ ಅದರಲ್ಲಿ ಎಳೀರಿ. ಒಟ್ಟಿನಲ್ಲಿ ಹೊರಗೆ ಬಂದ್ರೆ ಆಯ್ತು," ಎಂದ.

ಕೊಕ್ಕೆ ಚಿಕ್ಕತಿಮ್ಮಪ್ಪನ ಅಂಗಿಯ ಕೊರಳಿಗೆ ಬಿತ್ತು. ಸತ್ತ ಎಮ್ಮೆಯನ್ನು ಎಳೆದಂತೆ ಜಲ್ಲಿಯ ಮೇಲೆ ದರದರ ಎಳೆದರು. ದಳದಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಸಂಜೆ ದುರುಗಕ್ಕ ಗುಡಿಸಲ ಮುಂದೆ ಗಂಡನ ಬೆನ್ನಿಂದ ಕಲ್ಲಿನ ಚೂರು ಆಯುತ್ತ ಕೂತಳು. ಗೋದಾಮಿನ ಕಡೆಯಿಂದ ಮೂಗು ಸುಡುವ ಹುಳಿ ವಾಸನೆ ಬರುತ್ತಿತ್ತು. ನೆರೆಮನೆಯ ಮಲ್ಲಕ್ಕ ಅರಿಶಿನ ಅರೆದು ತಂದಳು.

"ಗ್ಯಾಸ್ ಸೋರಿದ್ರೆ ಗಾಳಿಗೆ ಎದುರಾಗಿ ಓಡ್ಬೇಕಂತೆ. ಸಾಹೇಬ್ರು ಹೇಳ್ಕೊಟ್ರು," ಎಂದ ಚಿಕ್ಕತಿಮ್ಮಪ್ಪ.

"ಇಲ್ಲಿಂದ ಎದುರಿಗೆ ಓಡಿದ್ರೆ ಗೋದಾಮಿಗೇ ಹೋಗಿ ಬೀಳ್ತೀವಿ ಕಣಣ್ಣ," ಎಂದಳು ಮಲ್ಲಕ್ಕ.

ದುರುಗಕ್ಕನ ಕೈ ನಿಂತಿತು. "ಅವತ್ತು ಕೊಕ್ಕೆನೂ ಬರಲ್ಲ ಕಣಕ್ಕ. ಇವತ್ತು ಅವ್ರು ಕಲ್ತಿದ್ದು ನಮ್ಮನ್ನ ಬಿಟ್ಟೋಗೋದನ್ನ."

ದಳ ಕಲಿತದ್ದನ್ನು ತೋರಿಸುವ ಪ್ರದರ್ಶನದ ದಿನ ಚಿತ್ರದುರ್ಗದಿಂದ ದೊಡ್ಡ ಸಾಹೇಬರು ಬಂದರು. ಶಾಮಿಯಾನ, ಕುರ್ಚಿ, ಹಾರ. ಊರೆಲ್ಲ ನೆರಳಲ್ಲಿ ನಿಂತರೆ ಕೇರಿ ತಂತಿಬೇಲಿಯ ಆಚೆ ಬಿಸಿಲಲ್ಲಿ ನಿಂತಿತು.

"ಇವತ್ತು ಕೊಕ್ಕೆ ಕಾಣಬಾರ್ದು," ಎಂದು ನಾಗರಾಜಪ್ಪ ಮೊದಲೇ ಎಚ್ಚರಿಸಿದ್ದ. "ನಾವು ಎಬ್ಬಿಸೋ ಹೊಗೆ ದಟ್ಟ ಆದಾಗ ನೀವೇ ಎದ್ದು ಡೇರೆಯೊಳಕ್ಕೆ ನುಸುಳ್ರಿ. ತಿಳೀತಾ?"

ಸೈರನ್ ಕೂಗಿತು. ಬಿಳಿ ಹೊಗೆ ಎದ್ದಿತು. ಮುರುಗಪ್ಪನ ಸ್ಟ್ರೆಚರ್ ಓಡಿದಾಗ ಶಾಮಿಯಾನ ಚಪ್ಪಾಳೆ ತಟ್ಟಿತು. ಕಾದ ಜಲ್ಲಿ ದುರುಗಕ್ಕನ ಬೆನ್ನು ಸುಡುತ್ತಿತ್ತು.

ಚಿಕ್ಕತಿಮ್ಮಪ್ಪ ತಲೆ ಎತ್ತಿದ. "ಏಳೇ, ಹೋಗಾಣ."

ಅವಳು ಅವನ ಮುಂಗೈ ಹಿಡಿದು ಕೆಳಕ್ಕೆ ಜಗ್ಗಿದಳು. "ಮಲ್ಕೋ."

ಅವನು ಅವಳ ಮುಖ ನೋಡಿದ, ಮಲಗಿದ. ಏಳಲು ಹೊರಟಿದ್ದ ಉಳಿದವರೂ ಮಲಗಿದರು.

ಹೊಗೆ ಕರಗಿತು. ಚಪ್ಪಾಳೆ ನಿಂತಿತು. "ಅವರನ್ನೇಕೆ ಎತ್ತಲಿಲ್ಲ?" ಎಂದು ದೊಡ್ಡ ಸಾಹೇಬರು ಕೇಳಿದ್ದು ಎಲ್ಲರಿಗೂ ಕೇಳಿಸಿತು. ನಾಗರಾಜಪ್ಪ ಓಡಿಬಂದು, ಮೈಲಿಗೆ ತಾಕದಷ್ಟು ದೂರದಲ್ಲಿ ಬಗ್ಗಿದ.

"ಏಳೇ ಲೌಡಿ! ನಾಳೆಯಿಂದ ಗೋದಾಮಿನ ಬಾಗ್ಲು ಹೆಂಗೆ ತುಳೀತೀಯ ನೋಡ್ತೀನಿ."

ದುರುಗಕ್ಕ ಕಣ್ಣು ಬಿಡದೆ, ಶಾಮಿಯಾನಕ್ಕೆ ಕೇಳುವಂತೆ ಕೂಗಿದಳು: "ನಾನು ಸತ್ತೀನಿ ಸಾಮಿ. ಸತ್ತೋರು ಎಲ್ಲಾದ್ರು ನಡೀತಾರಾ? ಎತ್ರಿ!"

ಯಾರೂ ಎತ್ತಲಿಲ್ಲ. ದಳದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಅರ್ಧ ಹೆಜ್ಜೆ ಮುಂದಿಟ್ಟು, ಜನರ ನಡುವೆ ನಿಂತ ಅಪ್ಪನನ್ನು ಕಂಡು ಹಿಂದೆ ಸರಿದ.

ಅಷ್ಟರಲ್ಲಿ ಬೇಲಿಯ ತಂತಿ ಕಿರುಗುಟ್ಟಿತು. ಮಲ್ಲಕ್ಕ ಸೀರೆ ಎತ್ತಿಕಟ್ಟಿ ಒಳಗೆ ನುಸುಳಿದಳು. ಯಾರ ಕಡೆಯೂ ನೋಡದೆ ನಡೆದುಬಂದು ದುರುಗಕ್ಕನ ಪಕ್ಕ ಅಂಗಾತ ಮಲಗಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಕೇರಿಯ ಮುದುಕರು, ಸೊಂಟದಲ್ಲಿ ಕೂಸು ಹೊತ್ತವರು. ಜಲ್ಲಿ ಕಾಣದಂತೆ ಮೈಗಳು ತುಂಬಿಕೊಂಡವು.

ಸ್ಟ್ರೆಚರ್ ಹಿಡಿದವರು ನಿಂತೇ ಇದ್ದರು. ಪ್ರದರ್ಶನ ಮುಗಿಯಿತೆಂದು ಸೀಟಿ ಊದಬೇಕೆಂಬುದು ಯಾರಿಗೂ ಹೊಳೆಯಲಿಲ್ಲ.